ಟರ್ಮಿನಲ್ ವಿಂಡೋ ಹಿಗ್ಗಿಸಿದರೆ ವೆಬ್ ಸರ್ವರ್ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಾವು ಅಪಾಚೆ ವೆಬ್ ಸರ್ವರನ್ನು ಡಾಕರ್ ಕಂಟೇನರಿನೊಳಗೆ (ಪ್ರೋಗ್ರಾಮನ್ನು ಉಳಿದ ಯಂತ್ರದಿಂದ ಬೇರೆಯಾಗಿ ನಡೆಸುವ ಆವರಣ) ಇಟ್ಟು, ಲಾಗ್ ಕಣ್ಣೆದುರೇ ಕಾಣುವಂತೆ ಟರ್ಮಿನಲ್ಲಿನಿಂದ "ಡಾಕರ್ ರನ್ -ಐಟಿ" ಎಂದು ನಡೆಸುತ್ತೇವೆ. ಗಂಟೆಗಟ್ಟಲೆ ಸರಿಯಾಗಿ ನಡೆದ ಸರ್ವರ್ ಇದ್ದಕ್ಕಿದ್ದಂತೆ ತಾನಾಗಿಯೇ ನಿಂತುಬಿಡುತ್ತದೆ. ನಿರ್ಗಮನ ಕೋಡ್ 0 ಎಂದಿರುತ್ತದೆ. ಲಾಗಿನ ಕೊನೆಯಲ್ಲಿ "ಕಾಟ್ ಸಿಗ್‌ವಿಂಚ್, ಶಟಿಂಗ್ ಡೌನ್ ಗ್ರೇಸ್‌ಫುಲಿ" (ಸಿಗ್‌ವಿಂಚ್ ಬಂತು, ಮೆಲ್ಲಗೆ ನಿಲ್ಲುತ್ತಿದ್ದೇನೆ) ಎಂಬ ಸಾಲು ಕಾಣುತ್ತದೆ. ಕೆಲವೊಮ್ಮೆ ಕಂಟೇನರ್ ನಡೆಯುತ್ತಿರುವಂತೆಯೇ ತೋರಿದರೂ ಹೊಸ ಸಂಪರ್ಕಗಳು ತಿರಸ್ಕೃತವಾಗುತ್ತವೆ. ಅದೇ ಇಮೇಜನ್ನು (ಕಂಟೇನರಿನ ಸಿದ್ಧ ಅಚ್ಚನ್ನು) ಬಳಸುವ ಸಹೋದ್ಯೋಗಿಗೆ ಈ ತೊಂದರೆ ಎಂದೂ ಬಂದಿಲ್ಲ. ಸೇವೆಗೆ ನಿಂತ ಯಂತ್ರಗಳಲ್ಲಿಯೂ ಇಲ್ಲ. ಮೆಮೊರಿ ಸಾಲದೆ ಕರ್ನೆಲ್ಲೇ ಅದನ್ನು ಕೊಲ್ಲುತ್ತಿದೆಯೇ? ಅಥವಾ ಇದು ಅಪಾಚೆಯಲ್ಲಿನ ದೋಷವೇ? ಪರಿಹಾರವೇನು? ನಾವೇ ಸಿ ಭಾಷೆಯಲ್ಲಿ ಒಂದು ಚಿಕ್ಕ ಸರ್ವರ್ ಬರೆಯುತ್ತಿದ್ದೇವೆ. ಅದರಲ್ಲಿ ಹೀಗಾಗದಂತೆ ಯಾವ ಎಚ್ಚರ ವಹಿಸಬೇಕು?

ಉತ್ತರ: ಮೆಮೊರಿಯ ಸಂಶಯವನ್ನು ಮೊದಲು ಬದಿಗಿಡಿ. ಕರ್ನೆಲ್ ಮೆಮೊರಿಯ ಕೊರತೆಯಿಂದ ಪ್ರಕ್ರಿಯೆಯನ್ನು ಕೊಂದಿದ್ದರೆ ನಿರ್ಗಮನ ಕೋಡ್ 137 ಆಗಿರುತ್ತಿತ್ತು, ಅಂದರೆ 128ಕ್ಕೆ ಸಿಗ್‌ಕಿಲ್ ಎಂಬ ಸಿಗ್ನಲಿನ (ಪ್ರಕ್ರಿಯೆಗೆ ಕರ್ನೆಲ್ ತಲುಪಿಸುವ ಚುಟುಕು ಸೂಚನೆ) ಸಂಖ್ಯೆ 9 ಕೂಡಿದ್ದು. ಯಾವುದಾದರೂ ಮಾಡ್ಯೂಲಿನ ದೋಷದಿಂದ ಮುಖ್ಯ ಪ್ರಕ್ರಿಯೆಯೇ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಬಿದ್ದಿದ್ದರೆ 139 ಬರುತ್ತಿತ್ತು. 0 ಎಂದರೆ ಸರ್ವರನ್ನು ಯಾರೂ ಕೊಂದಿಲ್ಲ, ಅದು ತನಗೆ ಬಂದ ಆದೇಶವನ್ನು ಪಾಲಿಸಿ, ಬಾಗಿಲು ಹಾಕಿಕೊಂಡು, ಕ್ರಮವಾಗಿ ಹೊರಬಂದಿದೆ. ಆ ಆದೇಶ ಯಾವುದೆಂಬುದನ್ನು ನೀವು ಉಲ್ಲೇಖಿಸಿದ ಲಾಗ್ ಸಾಲೇ ಹೇಳುತ್ತಿದೆ. ಆ ಸಾಲಿನ ಮುಂದೆ, ಅಪಾಚೆಯಲ್ಲಿ ವಿನಂತಿಗಳನ್ನು ಹಂಚುವ ಮಾಡ್ಯೂಲ್ (ಎಂಪಿಎಂ) ಇವೆಂಟ್ ಆಗಿದ್ದರೆ ಎಎಚ್00492, ಪ್ರಿಫೋರ್ಕ್ ಆಗಿದ್ದರೆ ಎಎಚ್00170 ಎಂಬ ಗುರುತು ಇರಬೇಕು. ಉಳಿದಿರುವ ಪ್ರಶ್ನೆ ಒಂದೇ: ನೀವು ಯಾರೂ ಕೊಡದ ಆದೇಶವನ್ನು ಸರ್ವರಿಗೆ ಕೊಟ್ಟವರು ಯಾರು? ಕೊಟ್ಟದ್ದು ನಿಮ್ಮ ಟರ್ಮಿನಲ್ ವಿಂಡೋ.

ಸಿಗ್‌ವಿಂಚ್ ಎಂಬುದು ಟರ್ಮಿನಲ್ಲಿನ ಅಗಲ ಎತ್ತರಗಳು ಬದಲಾದಾಗ ಕರ್ನೆಲ್ ಹೊರಡಿಸುವ ಸಿಗ್ನಲ್. 4.3 ಬಿಎಸ್‌ಡಿ ಕಾಲದಿಂದ ಬಂದದ್ದು. ಲಿನಕ್ಸಿನ ಬಹುತೇಕ ಯಂತ್ರಗಳಲ್ಲಿಯೂ ಬಿಎಸ್‌ಡಿಗಳಲ್ಲಿಯೂ ಇದರ ಸಂಖ್ಯೆ 28. ವಿಐ, ಲೆಸ್, ಟಾಪ್ ಮುಂತಾದ ಪೂರ್ಣಪರದೆಯ ಪ್ರೋಗ್ರಾಮುಗಳು ಇದನ್ನು ಹಿಡಿದು ಪರದೆಯನ್ನು ಹೊಸ ಅಳತೆಗೆ ಮತ್ತೆ ಬರೆಯುತ್ತವೆ. ಇದನ್ನು ಹಿಡಿಯುವ ಏರ್ಪಾಡು ಮಾಡಿಕೊಳ್ಳದ ಪ್ರೋಗ್ರಾಮಿಗೆ ಇದು ಬಂದರೂ ಬಾರದಂತೆಯೇ, ಏಕೆಂದರೆ ಇದರ ಡಿಫಾಲ್ಟ್ ಕ್ರಿಯೆ ಅಲಕ್ಷ್ಯ. ಆದರೆ ಅಪಾಚೆ ಇದನ್ನು ಹಿಡಿಯುತ್ತದೆ, ಅದೂ ಪರದೆಗೆ ಸಂಬಂಧವೇ ಇಲ್ಲದ ಕಾರಣಕ್ಕೆ. ಅಪಾಚೆಯ ಮುಖ್ಯ ಪ್ರಕ್ರಿಯೆಗೆ ಸಿಗ್‌ಟರ್ಮ್ ಎಂದರೆ ತಕ್ಷಣ ನಿಲ್ಲು, ಸಿಗ್‌ಹಪ್ ಎಂದರೆ ಮರುಪ್ರಾರಂಭಿಸು, ಸಿಗ್‌ಯೂಸರ್1 ಎಂದರೆ ನಡೆಯುತ್ತಿರುವ ವಿನಂತಿಗಳನ್ನು ಮುಗಿಸಿಕೊಂಡು ಮರುಪ್ರಾರಂಭಿಸು, ಸಿಗ್‌ವಿಂಚ್ ಎಂದರೆ ನಡೆಯುತ್ತಿರುವ ವಿನಂತಿಗಳನ್ನು ಮುಗಿಸಿಕೊಂಡು ನಿಲ್ಲು. ಇದು ಅಪಾಚೆಯ ಕೈಪಿಡಿಯಲ್ಲಿಯೇ ಬರೆದಿರುವ ಒಪ್ಪಂದ, 2.2ನೆಯ ಆವೃತ್ತಿಯಿಂದ ಜಾರಿಯಲ್ಲಿದೆ.

ಈಗ ನೀವು ವಿಂಡೋದ ಅಂಚನ್ನು ಹಿಡಿದು ಎಳೆದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನಿಮ್ಮ ಯಂತ್ರದ ಟರ್ಮಿನಲ್ ಎಮ್ಯುಲೇಟರ್ ತನ್ನ ಹುಸಿ ಟರ್ಮಿನಲ್ಲಿಗೆ (ನಿಜವಾದ ಟರ್ಮಿನಲ್ಲಿನಂತೆ ವರ್ತಿಸುವ, ಕರ್ನೆಲ್ ಒದಗಿಸುವ ಸಾಧನ) ಹೊಸ ಸಾಲು ಮತ್ತು ಕಾಲಮ್‌ಗಳ ಸಂಖ್ಯೆಯನ್ನು ಟಿಐಒಸಿಎಸ್‌ವಿನ್‌ಎಸ್‌ಝಡ್ ಎಂಬ ಐಒಸಿಟಿಎಲ್ ಕರೆಯ (ಸಾಧನಕ್ಕೆ ಆದೇಶ ಕೊಡುವ ಕರೆ) ಮೂಲಕ ತಿಳಿಸುತ್ತದೆ. ಕರ್ನೆಲ್ ಹಳೆಯ ಅಳತೆಯನ್ನೂ ಹೊಸದನ್ನೂ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ, ಆ ಟರ್ಮಿನಲ್ಲಿನ ಮುನ್ನೆಲೆ ಪ್ರಕ್ರಿಯಾ ಗುಂಪಿನ (ಆ ಹೊತ್ತು ಟರ್ಮಿನಲ್ಲನ್ನು ಬಳಸುತ್ತಿರುವ ಪ್ರಕ್ರಿಯೆಗಳ) ಎಲ್ಲ ಸದಸ್ಯರಿಗೂ ಸಿಗ್‌ವಿಂಚ್ ಕಳುಹಿಸುತ್ತದೆ. ಆ ಹೊತ್ತಿಗೆ ಮುನ್ನೆಲೆಯಲ್ಲಿರುವುದು ಡಾಕರ್ ಕ್ಲೈಂಟ್, ಅಂದರೆ ನೀವು ಕೊಟ್ಟ ಡಾಕರ್ ಆದೇಶ. ಅದು ಸಿಗ್ನಲನ್ನು ಹಿಡಿದು, ಹೊಸ ಅಳತೆಯನ್ನು ಓದಿ, ಈ ಕಂಟೇನರಿನ ಟರ್ಮಿನಲ್ಲನ್ನು ಇಷ್ಟು ಸಾಲು, ಇಷ್ಟು ಕಾಲಮ್‌ಗಳಿಗೆ ಬದಲಿಸು ಎಂದು ಡಾಕರ್ ಡೀಮನ್ನಿಗೆ (ಕಂಟೇನರುಗಳನ್ನು ನಡೆಸುವ ಹಿನ್ನೆಲೆಯ ಪ್ರೋಗ್ರಾಮ್) ವಿನಂತಿ ಕಳುಹಿಸುತ್ತದೆ. ಡೀಮನ್ ಆ ಕೋರಿಕೆಯನ್ನು ಕೆಳಗಿನ ಪದರಗಳಿಗೆ ದಾಟಿಸುತ್ತದೆ. ಕೊನೆಗೆ ಕಂಟೇನರಿಗೆಂದು ತೆರೆದಿದ್ದ ಎರಡನೆಯ ಹುಸಿ ಟರ್ಮಿನಲ್ಲಿನ ಮೇಲೆ ಅದೇ ಐಒಸಿಟಿಎಲ್ ಕರೆ ಮತ್ತೊಮ್ಮೆ ನಡೆಯುತ್ತದೆ. ಈ ಟರ್ಮಿನಲ್ಲಿನ ಮುನ್ನೆಲೆ ಗುಂಪಿನಲ್ಲಿರುವುದು ಅಪಾಚೆ. ಕರ್ನೆಲ್ ನಿಯಮದಂತೆ ಅದಕ್ಕೂ ಒಂದು ಸಿಗ್‌ವಿಂಚ್ ಕೊಡುತ್ತದೆ. ಪರದೆಯ ಅಳತೆ ಬದಲಾಗಿದೆ ಎಂದು ಕರ್ನೆಲ್ ಹೇಳಿದ್ದನ್ನು, ನಿರ್ವಾಹಕರು ನಿಲ್ಲಲು ಹೇಳಿದ್ದಾರೆ ಎಂದು ಅಪಾಚೆ ಕೇಳಿಸಿಕೊಳ್ಳುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಹೊರಗಿನ ಸಿಗ್ನಲ್ ಕಂಟೇನರಿನೊಳಗೆ ಸಾಗಿಲ್ಲ. ಒಳಗೆ ಹೊಸದಾಗಿ ಹುಟ್ಟಿದೆ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಹೋದಾಗಲೂ ಹೀಗೆಯೇ: ಆ ಪ್ರೋಟೋಕಾಲಿನಲ್ಲಿ ವಿಂಡೋ ಅಳತೆಯ ಬದಲಾವಣೆಗೆಂದೇ ಒಂದು ಸಂದೇಶವಿದ್ದು, ಅದನ್ನು ಪಡೆದ ದೂರದ ಎಸ್‌ಎಸ್‌ಎಚ್ ಡೀಮನ್ ಅಲ್ಲಿನ ಹುಸಿ ಟರ್ಮಿನಲ್ಲನ್ನು ಸರಿಹೊಂದಿಸುತ್ತದೆ. ಹಾಗಾಗಿ ಟಿಮಕ್ಸಿನಲ್ಲಿ ಪರದೆಯನ್ನು ಎರಡು ಭಾಗ ಮಾಡಿದರೂ, ಅಕ್ಷರದ ಗಾತ್ರ ಹೆಚ್ಚಿಸಿದರೂ, ಫೋನಿನಿಂದ ಲಾಗಿನ್ ಆಗಿ ಫೋನನ್ನು ಅಡ್ಡ ತಿರುಗಿಸಿದರೂ, ಕೊನೆಗೆ ಪರದೆಯ ಕೀಲಿಮಣೆ ಮೇಲೆದ್ದು ನಾಲ್ಕು ಸಾಲು ಕಡಿಮೆಯಾದರೂ ಪರಿಣಾಮ ಒಂದೇ. ನಿಮ್ಮ ಸಹೋದ್ಯೋಗಿ ಬಹುಶಃ ವಿಂಡೋವನ್ನು ಮುಟ್ಟದೆ ಕೆಲಸ ಮಾಡುವವರು, ಇಲ್ಲವೇ ಕಂಟೇನರನ್ನು ಹಿನ್ನೆಲೆಯಲ್ಲಿ ನಡೆಸುವವರು. ಸೇವೆಗೆ ನಿಂತ ಯಂತ್ರಗಳಲ್ಲಿ ಎಳೆಯಲು ವಿಂಡೋವೇ ಇಲ್ಲ.

ಹಾಗಿದ್ದರೆ ಅಪಾಚೆಯನ್ನು ಬರೆದವರು ಇಷ್ಟೊಂದು ಅಸಂಬದ್ಧ ಸಿಗ್ನಲನ್ನು ಏಕೆ ಆರಿಸಿದರು? ಅಂದಿನ ದೃಷ್ಟಿಯಿಂದ ನೋಡಿದರೆ ಆಯ್ಕೆ ಅಸಂಬದ್ಧವಲ್ಲ, ಜಾಣತನದ್ದೇ. ಯುನಿಕ್ಸಿನ ಸಾಂಪ್ರದಾಯಿಕ ಸಿಗ್ನಲುಗಳು ಕೆಲವೇ. ಲಿನಕ್ಸಿನಲ್ಲಿ ಅವು 31. ಅವುಗಳಲ್ಲಿ ಬಹುಪಾಲು ಕರ್ನೆಲ್ಲಿನ ನಿಶ್ಚಿತ ಅರ್ಥಗಳಿಗೆ ಮೀಸಲು. ಪ್ರೋಗ್ರಾಮುಗಳ ಸ್ವಂತ ಬಳಕೆಗೆಂದು ಬಿಟ್ಟಿರುವುದು ಸಿಗ್‌ಯೂಸರ್1 ಮತ್ತು ಸಿಗ್‌ಯೂಸರ್2 ಎರಡೇ. ಹಳೆಯ ಲಿನಕ್ಸ್‌ಥ್ರೆಡ್ಸ್ ಲೈಬ್ರರಿ ಒಂದು ಕಾಲದಲ್ಲಿ ಆ ಎರಡನ್ನೂ ತನ್ನ ಒಳಗೆಲಸಕ್ಕೆ ತೆಗೆದುಕೊಂಡಿತ್ತು. ಸಿಗ್‌ಯೂಸರ್1 ಬಳಸಲಾಗದ ವ್ಯವಸ್ಥೆಗಳಲ್ಲಿ ಅದರ ಬದಲು ಸಿಗ್‌ವಿಂಚ್ ಬಳಸುವ ರೂಢಿ ಅಪಾಚೆಗೆ ಆಗಿನಿಂದಲೇ ಇದೆ. ಜೊತೆಗೆ, ಡೀಮನ್ನಾಗಿ ನಡೆಯುವ ಸರ್ವರ್ ಶುರುವಾಗುವಾಗಲೇ ಫೋರ್ಕ್ ಮಾಡಿ (ತನ್ನದೇ ನಕಲು ಪ್ರಕ್ರಿಯೆ ಹುಟ್ಟಿಸಿ), ಸೆಟ್‌ಎಸ್‌ಐಡಿ ಕರೆದು (ಟರ್ಮಿನಲ್ ಇಲ್ಲದ ಹೊಸ ಸೆಶನ್ ತೆರೆದು), ತನ್ನನ್ನು ಹುಟ್ಟಿಸಿದ ಟರ್ಮಿನಲ್ಲಿನ ನಂಟು ಕಡಿದುಕೊಂಡುಬಿಡುತ್ತದೆ. ಟರ್ಮಿನಲ್ಲೇ ಇಲ್ಲದ ಪ್ರಕ್ರಿಯೆಗೆ ಟರ್ಮಿನಲ್ಲಿನ ಸಿಗ್ನಲ್ ತಾನಾಗಿ ಎಂದೂ ಬರಲಾರದು. ತಪ್ಪಿ ಬೇರೊಂದು ಪ್ರಕ್ರಿಯೆಗೆ ಅದನ್ನು ಕಳುಹಿಸಿದರೂ ಡಿಫಾಲ್ಟ್ ಕ್ರಿಯೆ ಅಲಕ್ಷ್ಯವಾದ್ದರಿಂದ ಹಾನಿಯಿಲ್ಲ. ಖಾಲಿ ಬಿದ್ದ ಸೈಟಿನಲ್ಲಿ ಯಾರೂ ಬರುವುದಿಲ್ಲವೆಂದು ಬೇಲಿ ಹಾಕಿಕೊಂಡಂತೆ ಇದು; ಯಾರೂ ಬರದಿರುವವರೆಗೆ ಯಾರಿಗೂ ತಕರಾರಿಲ್ಲ.

ತಕರಾರು ಶುರುವಾದದ್ದು ಸರ್ವರುಗಳನ್ನು ನಡೆಸುವ ಕ್ರಮವೇ ಬದಲಾದಾಗ. ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸೇವೆಗಳನ್ನು ಶುರುಮಾಡಿ ನಿಗಾ ಇಡುವ ವ್ಯವಸ್ಥೆ) ಮತ್ತು ಕಂಟೇನರುಗಳ ಕಾಲದಲ್ಲಿ ಸರ್ವರ್ ತಾನೇ ಹಿನ್ನೆಲೆಗೆ ಸರಿಯಬಾರದು, ತನ್ನನ್ನು ಶುರುಮಾಡಿದವರ ಕಣ್ಗಾವಲಿನಲ್ಲಿಯೇ ಮುನ್ನೆಲೆಯಲ್ಲಿ ನಿಂತಿರಬೇಕು ಎಂಬುದು ಪದ್ಧತಿಯಾಯಿತು. ಅಪಾಚೆಯಲ್ಲಿ ಅದಕ್ಕಾಗಿಯೇ "-ಡಿಫೋರ್‌ಗ್ರೌಂಡ್" ಎಂಬ ಆಯ್ಕೆಯಿದೆ. ಅಧಿಕೃತ ಡಾಕರ್ ಇಮೇಜಿನ ಪ್ರಾರಂಭಿಕ ಸ್ಕ್ರಿಪ್ಟ್ ಅದನ್ನೇ ಬಳಸುತ್ತದೆ, ರೆಡ್‌ಹ್ಯಾಟ್ ಬಳಗದ ಸಿಸ್ಟಮ್‌ಡಿ ಯೂನಿಟ್ ಕೂಡ ಅದನ್ನೇ ಬಳಸುತ್ತದೆ. ಆ ಆಯ್ಕೆ ಕೊಟ್ಟಾಗ ಅಪಾಚೆ ಟರ್ಮಿನಲ್ಲಿನಿಂದ ಬೇರ್ಪಡುವ ಹಂತವನ್ನೇ ಬಿಟ್ಟುಬಿಡುತ್ತದೆ. ಸಿಸ್ಟಮ್‌ಡಿಯ ಕೆಳಗೆ ಹೇಗೂ ಟರ್ಮಿನಲ್ ಇಲ್ಲವಾದ್ದರಿಂದ ಏನೂ ಆಗುವುದಿಲ್ಲ. "-ಐಟಿ" ಕೊಟ್ಟ ಕಂಟೇನರಿನಲ್ಲಿ ಟರ್ಮಿನಲ್ ಇದೆ, ಅಪಾಚೆ ಅದರ ಮುನ್ನೆಲೆಯಲ್ಲಿಯೂ ಇದೆ. ಸಿಗ್‌ವಿಂಚ್‌ಗೆ ಕೊಟ್ಟ ಹೊಸ ಅರ್ಥ ಯಾವ ಊಹೆಯ ಮೇಲೆ ನಿಂತಿತ್ತೋ ಆ ಊಹೆಯನ್ನು ಈ ಆಯ್ಕೆ ಸದ್ದಿಲ್ಲದೆ ತೆಗೆದುಹಾಕಿದೆ, ಅರ್ಥ ಮಾತ್ರ ಹಾಗೇ ಉಳಿದಿದೆ.

ಆದ್ದರಿಂದ ಇದು ದೋಷವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕೈಪಿಡಿಯ ಅಕ್ಷರಕ್ಕೆ ತಕ್ಕಂತೆ ನಡೆಯುವ, ಆದರೂ ದೋಷವೇ ಆಗಿರುವ ವರ್ತನೆ. ಇದನ್ನು ತಪ್ಪಿಸಲು ಆಗುತ್ತಿರಲಿಲ್ಲ ಎನ್ನುವಂತಿಲ್ಲ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಕೂಡ ಸಿಗ್‌ವಿಂಚನ್ನು ಎರವಲು ಪಡೆದಿದೆ. ಅಲ್ಲಿ ಅದರ ಅರ್ಥ ಕೆಲಸಗಾರ ಪ್ರಕ್ರಿಯೆಗಳನ್ನು ಮೆಲ್ಲಗೆ ನಿಲ್ಲಿಸು ಎಂದು. ಆದರೆ ಅದರ ಸಿಗ್ನಲ್ ಹ್ಯಾಂಡ್ಲರಿನಲ್ಲಿ (ಸಿಗ್ನಲ್ ಬಂದಾಗ ನಡೆಯುವ ಕೋಡಿನಲ್ಲಿ) ಒಂದೇ ಸಾಲಿನ ಷರತ್ತಿದೆ: ತಾನು ಡೀಮನ್ನಾಗಿ ಬೇರ್ಪಟ್ಟಿದ್ದರೆ ಮಾತ್ರ ಈ ಸಿಗ್ನಲಿಗೆ ಬೆಲೆ, ಇಲ್ಲವಾದರೆ ಇಲ್ಲ. ಪೈಥಾನ್ ಲೋಕದ ಗುನಿಕಾರ್ನ್ ಸರ್ವರ್ ಕೂಡ ಹಾಗೆಯೇ, ಡೀಮನ್ ಆಗಿಲ್ಲದಿದ್ದರೆ ಸಿಗ್‌ವಿಂಚ್ ಅಲಕ್ಷಿಸಿದೆ ಎಂದು ಡೀಬಗ್ ಲಾಗಿನಲ್ಲಿ ಬರೆದು ಸುಮ್ಮನಾಗುತ್ತದೆ. ಎರವಲು ತಂದ ಸಿಗ್ನಲಿನ ನಿಜವಾದ ಒಡೆಯ ಹಾಜರಿರಬಹುದಾದ ಸಂದರ್ಭವನ್ನು ಗುರುತಿಸಿ ಅಲ್ಲಿ ಹಿಂದೆ ಸರಿಯುವುದು, ಇಷ್ಟೇ ಬೇಕಾಗಿದ್ದದ್ದು.

ಕಂಟೇನರ್ ನಡೆಯುತ್ತಿದ್ದರೂ ಸಂಪರ್ಕ ಸಿಗದ ನಿಮ್ಮ ಇನ್ನೊಂದು ಲಕ್ಷಣವೂ ಇದರದೇ ಮುಖ. ಮೆಲ್ಲಗೆ ನಿಲ್ಲುವ ಆದೇಶ ಬಂದೊಡನೆ ಅಪಾಚೆ ಹೊಸ ಸಂಪರ್ಕಗಳಿಗೆ ಕಿವಿಗೊಡುವ ಸಾಕೆಟ್‌ಗಳನ್ನು ಮುಚ್ಚಿಬಿಡುತ್ತದೆ, ಆಮೇಲೆ ಬಾಕಿ ಇರುವ ವಿನಂತಿಗಳು ಮುಗಿಯಲೆಂದು ಕಾಯುತ್ತದೆ. ಎಷ್ಟು ಕಾಯಬೇಕೆಂಬುದನ್ನು ಗ್ರೇಸ್‌ಫುಲ್‌ಶಟ್‌ಡೌನ್‌ಟೈಮ್‌ಔಟ್ ಎಂಬ ನಿರ್ದೇಶನ ತೀರ್ಮಾನಿಸುತ್ತದೆ. ಅದರ ಡಿಫಾಲ್ಟ್ ಮೌಲ್ಯ 0. ಅಂದರೆ ಮಿತಿಯೇ ಇಲ್ಲ. ಯಾರೋ ಒಬ್ಬರು ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುತ್ತಿದ್ದರೆ ಅಥವಾ ವೆಬ್‌ಸಾಕೆಟ್ ಸಂಪರ್ಕವೊಂದು ತೆರೆದೇ ಇದ್ದರೆ ಪ್ರಕ್ರಿಯೆ ಜೀವಂತವಾಗಿರುತ್ತದೆ, ಬಾಗಿಲು ಮಾತ್ರ ಮುಚ್ಚಿರುತ್ತದೆ. ಮರುಪ್ರಾರಂಭದ ನೀತಿಯಲ್ಲೂ ಒಂದು ಕೊಕ್ಕೆಯಿದೆ: "ಆನ್-ಫೇಲ್ಯೂರ್" ಎಂದು ಇಟ್ಟಿದ್ದರೆ, ನಿರ್ಗಮನ ಕೋಡ್ 0 ಆದುದರಿಂದ ಡಾಕರ್ ಇದನ್ನು ವೈಫಲ್ಯವೆಂದು ಪರಿಗಣಿಸದೆ ಸುಮ್ಮನಿರುತ್ತದೆ.

ನನ್ನ ಮಾತನ್ನು ನಂಬುವ ಮೊದಲು ನೀವೇ ಪರೀಕ್ಷಿಸಿ ನೋಡಬಹುದು. ಹೋಸ್ಟ್ ಯಂತ್ರದಲ್ಲಿ ಅಪಾಚೆಯ ಮುಖ್ಯ ಪ್ರಕ್ರಿಯೆಯ ಸಂಖ್ಯೆಯನ್ನು ಹುಡುಕಿ, ಪ್ರಾಕ್ ಕಡತವ್ಯವಸ್ಥೆಯಲ್ಲಿ ಅದರ ಸ್ಟೇಟಸ್ ಕಡತವನ್ನು ತೆರೆಯಿರಿ. ಅಲ್ಲಿ ಸಿಗ್‌ಸಿಜಿಟಿ ಎಂಬ ಸಾಲು ಹಿಡಿಯಲ್ಪಡುವ ಸಿಗ್ನಲುಗಳ ಬಿಟ್‌ಮಾಸ್ಕನ್ನು (ಒಂದೊಂದು ಸಿಗ್ನಲಿಗೆ ಒಂದೊಂದು ಬಿಟ್) ಹೆಕ್ಸಾಡೆಸಿಮಲ್ಲಿನಲ್ಲಿ ಕೊಡುತ್ತದೆ. 28ನೆಯ ಸಿಗ್ನಲಿನ ಬಿಟ್ ಬಲದಿಂದ ಏಳನೆಯ ಅಂಕಿಯಲ್ಲಿ ಬರುತ್ತದೆ. ಆ ಅಂಕಿ 8ರಿಂದ ಎಫ್‌ವರೆಗೆ ಯಾವುದಿದ್ದರೂ ಈ ಪ್ರಕ್ರಿಯೆ ಸಿಗ್‌ವಿಂಚಿಗೆ ಹ್ಯಾಂಡ್ಲರ್ ಇಟ್ಟುಕೊಂಡಿದೆ ಎಂದರ್ಥ. ಕಂಟೇನರಿನ ಒಂದನೇ ಸಂಖ್ಯೆಯ ಪ್ರಕ್ರಿಯೆಗೆ (ಇಲ್ಲಿ ಅಪಾಚೆಗೆ) ಕರ್ನೆಲ್ ವಿಶೇಷ ರಕ್ಷಣೆ ಕೊಡುತ್ತದೆಯಲ್ಲವೇ ಎಂದು ನೀವು ಕೇಳಬಹುದು. ಆ ರಕ್ಷಣೆ ಹ್ಯಾಂಡ್ಲರ್ ಇಲ್ಲದ ಸಿಗ್ನಲುಗಳಿಗೆ ಮಾತ್ರ. ಹ್ಯಾಂಡ್ಲರ್ ಇದ್ದರೆ ಸಿಗ್ನಲ್ ತಲುಪಿಯೇ ತಲುಪುತ್ತದೆ.

ಇನ್ನೂ ನಿಚ್ಚಳವಾದ ಸಾಕ್ಷ್ಯ ಬೇಕಿದ್ದರೆ ಅದೇ ಪ್ರಕ್ರಿಯೆಗೆ ಎಸ್‌ಟ್ರೇಸ್ (ಪ್ರಕ್ರಿಯೆಯ ಕರೆಗಳನ್ನೂ ಅದಕ್ಕೆ ಬರುವ ಸಿಗ್ನಲುಗಳನ್ನೂ ತೋರಿಸುವ ಉಪಕರಣ) ಜೋಡಿಸಿ, ಇನ್ನೊಂದು ಕಡೆ ವಿಂಡೋವನ್ನು ಒಂದೇ ಒಂದು ಕಾಲಮ್ಮಿನಷ್ಟು ಎಳೆಯಿರಿ. ಸಿಗ್‌ವಿಂಚ್ ಬಂದ ಸಾಲಿನಲ್ಲಿ ಎಸ್‌ಐ_ಕೋಡ್ ಎಂಬ ಕ್ಷೇತ್ರವನ್ನು ನೋಡಿ. ಎಸ್‌ಐ_ಕರ್ನೆಲ್ ಎಂದಿದ್ದರೆ ಸಿಗ್ನಲ್ ಹುಟ್ಟಿದ್ದು ಟರ್ಮಿನಲ್ಲಿನ ಅಳತೆ ಬದಲಾದುದರಿಂದ. ಎಸ್‌ಐ_ಯೂಸರ್ ಎಂದಿದ್ದರೆ ಅದು ಯಾವುದೋ ಪ್ರಕ್ರಿಯೆ ಕಿಲ್ ಕರೆಯ ಮೂಲಕ ಬೇಕೆಂದೇ ಕಳುಹಿಸಿದ್ದು. ಉದಾಹರಣೆಗೆ "ಡಾಕರ್ ಸ್ಟಾಪ್" ಕೊಟ್ಟಾಗ ಕಾಣುವುದು ಇದೇ. ಒಂದೇ ಸಿಗ್ನಲ್, ಇಬ್ಬರು ಕಳುಹಿಸುವವರು. ಯಾರು ಕಳುಹಿಸಿದರೆಂಬ ಮಾಹಿತಿ ಕರ್ನೆಲ್ಲಿನ ಬಳಿ ಇದ್ದೇ ಇದೆ, ಅಪಾಚೆ ಕೇಳಲಿಲ್ಲ ಅಷ್ಟೇ.

ಪರಿಹಾರ ಸರಳ. ಕಂಟೇನರನ್ನು "-ಡಿ" ಆಯ್ಕೆಯೊಂದಿಗೆ, ಟರ್ಮಿನಲ್ ಕೊಡದೆ ಹಿನ್ನೆಲೆಯಲ್ಲಿ ನಡೆಸಿ. ಲಾಗ್ ನೋಡಲು "ಡಾಕರ್ ಲಾಗ್ಸ್ -ಎಫ್" ಬಳಸಿ. ನೀವು ವಿಂಡೋವನ್ನು ಎಷ್ಟೇ ಎಳೆದರೂ ಪರಿಣಾಮ ಲಾಗ್ ತೋರಿಸುವ ಕ್ಲೈಂಟಿಗೆ ಮಾತ್ರ. ಕಂಟೇನರುಗಳನ್ನು ಕಡತವೊಂದರಲ್ಲಿ ವಿವರಿಸಿ ನಡೆಸುವ ಡಾಕರ್ ಕಂಪೋಸ್ ಬಳಸುವುದಾದರೆ ಈ ಸೇವೆಯ ವಿವರಣೆಯಲ್ಲಿ "ಟಿಟಿವೈ: ಟ್ರೂ" ಎಂಬ ಸಾಲು ನುಸುಳಿದೆಯೇ ನೋಡಿ, ಇದ್ದರೆ ತೆಗೆಯಿರಿ. ಒಳಹೊಕ್ಕು ಏನಾದರೂ ಪರಿಶೀಲಿಸಬೇಕಾದಾಗ "ಡಾಕರ್ ಎಕ್ಸೆಕ್" ನಿರಪಾಯಕಾರಿ, ಏಕೆಂದರೆ ಅದು ತನ್ನದೇ ಬೇರೆ ಹುಸಿ ಟರ್ಮಿನಲ್ ತೆರೆಯುತ್ತದೆ. "ಡಾಕರ್ ಅಟ್ಯಾಚ್" ಮಾತ್ರ ಅಪಾಯದ್ದು, ಅದೂ ನೀವು ಊಹಿಸುವುದಕ್ಕಿಂತ ಹೆಚ್ಚು. ಟರ್ಮಿನಲ್ ಇರುವ ಕಂಟೇನರಿಗೆ ಜೋಡಿಸಿಕೊಳ್ಳುವಾಗ ಶೆಲ್ಲಿನ ಪ್ರಾಂಪ್ಟ್ ಮತ್ತೆ ಕಾಣಿಸಲೆಂದು ಡಾಕರ್ ಕ್ಲೈಂಟ್ ಅಳತೆಯನ್ನು ಬೇಕೆಂದೇ ಒಂದು ಸಾಲು, ಒಂದು ಕಾಲಮ್ ಹೆಚ್ಚಿಸಿ, ಮರುಕ್ಷಣ ಮೊದಲಿನಂತೆ ಮಾಡುತ್ತದೆ. ಅಂದರೆ ನೀವು ವಿಂಡೋವನ್ನು ಮುಟ್ಟದಿದ್ದರೂ, ಜೋಡಿಸಿಕೊಂಡ ಕ್ಷಣವೇ ಅಪಾಚೆಗೆ ಸಿಗ್‌ವಿಂಚ್ ತಲುಪುತ್ತದೆ. ನಡೆಯುತ್ತಿದ್ದ ಸರ್ವರನ್ನು ನೋಡಲು ಹೋದೊಡನೆ ಅದು ನಿಂತುಹೋಯಿತು ಎಂಬ ದೂರುಗಳಿಗೆ ಕಾರಣ ಬಹುಮಟ್ಟಿಗೆ ಇದೇ.

ಇದಕ್ಕೆಂದು ಪ್ರಯೋಗಿಸಲಾಗುವ ಅಡ್ಡದಾರಿಗಳು ಹಲವು. ಅವು ಏಕೆ ಫಲಿಸುವುದಿಲ್ಲ ಎಂಬುದನ್ನು ತಿಳಿಯುವುದರಲ್ಲೇ ಸಿಗ್ನಲುಗಳ ವಿಷಯದ ಅರ್ಧ ಪಾಠವಿದೆ. ಪ್ರಾರಂಭಿಕ ಸ್ಕ್ರಿಪ್ಟಿನಲ್ಲಿ ಶೆಲ್ಲಿನ ಟ್ರ್ಯಾಪ್ ಆದೇಶ ಬಳಸಿ ಸಿಗ್‌ವಿಂಚನ್ನು ಅಲಕ್ಷ್ಯಕ್ಕೆ ಹಾಕಿ, ಆಮೇಲೆ ಅಪಾಚೆಯನ್ನು ಎಕ್ಸೆಕ್ ಮಾಡುವುದು (ಅದೇ ಪ್ರಕ್ರಿಯೆಯಲ್ಲಿ ಸ್ಕ್ರಿಪ್ಟಿನ ಬದಲು ನಡೆಸುವುದು) ಒಂದು. ಅಲಕ್ಷ್ಯದ ಸ್ಥಿತಿ ಎಕ್ಸೆಕ್ ದಾಟಿ ಉಳಿಯುತ್ತದೆ ಎಂಬುದೇನೋ ನಿಜ, ಆದರೆ ಅಪಾಚೆ ಶುರುವಾದೊಡನೆ ತನ್ನ ಹ್ಯಾಂಡ್ಲರನ್ನು ತಾನೇ ಸ್ಥಾಪಿಸಿ ಅದನ್ನು ಅಳಿಸಿಹಾಕುತ್ತದೆ. ನೋಹಪ್ ಕೂಡ ಉಪಯೋಗವಿಲ್ಲ, ಅದು ಸಂಬಂಧಿಸಿದ್ದು ಸಿಗ್‌ಹಪ್‌ಗೆ ಮಾತ್ರ. ಔಟ್‌ಪುಟ್ಟನ್ನು ಕ್ಯಾಟ್ ಕಡೆಗೆ ಪೈಪ್ ಮಾಡಿದರೆ ಟರ್ಮಿನಲ್ಲಿನ ಸಂಬಂಧ ಕಡಿಯುತ್ತದೆ ಎಂದು ಭಾವಿಸುವವರಿದ್ದಾರೆ. ಕರ್ನೆಲ್ ಸಿಗ್ನಲ್ ಕಳುಹಿಸುವುದು ಯಾರ ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ ಅಲ್ಲ, ಮುನ್ನೆಲೆ ಗುಂಪಿನಲ್ಲಿ ಯಾರಿದ್ದಾರೆ ಎಂದು ನೋಡಿ. ಟೈನಿಯಂತಹ ಕಿರು ಇನಿಟ್ (ಕಂಟೇನರಿನ ಮೊದಲ ಪ್ರಕ್ರಿಯೆಯಾಗಿ ನಿಂತು ಸರ್ವರನ್ನು ಮಗುವಾಗಿ ನಡೆಸುವ ಪ್ರೋಗ್ರಾಮ್) ಸೇರಿಸಿದರೆ, ಅದು ತನ್ನ ಮಗುವನ್ನು ಪ್ರತ್ಯೇಕ ಗುಂಪಿಗೆ ಹಾಕಿ ಆ ಗುಂಪನ್ನೇ ಟರ್ಮಿನಲ್ಲಿನ ಮುನ್ನೆಲೆಗೆ ತರುತ್ತದೆ, ಹಾಗಾಗಿ ಸ್ಥಿತಿ ಮೊದಲಿದ್ದಂತೆಯೇ.

ಇಮೇಜಿನಲ್ಲಿರುವ "ಸ್ಟಾಪ್‌ಸಿಗ್ನಲ್ ಸಿಗ್‌ವಿಂಚ್" ಎಂಬ ಸಾಲನ್ನು ಕಂಡು, ಕಳ್ಳ ಸಿಕ್ಕಿಬಿದ್ದನೆಂದು ಅದನ್ನು ಅಳಿಸುವವರೂ ಇದ್ದಾರೆ. ಆ ಸಾಲು ತೀರ್ಮಾನಿಸುವುದು "ಡಾಕರ್ ಸ್ಟಾಪ್" ಯಾವ ಸಿಗ್ನಲ್ ಕಳುಹಿಸಬೇಕೆಂಬುದನ್ನು ಮಾತ್ರ. ಅಳಿಸಿದರೆ ತೊಂದರೆ ಹಾಗೇ ಉಳಿದು, ಅದರ ಮೇಲೆ "ಡಾಕರ್ ಸ್ಟಾಪ್" ಕೊಟ್ಟಾಗ ನಡೆಯುತ್ತಿದ್ದ ವಿನಂತಿಗಳು ನಡುವೆಯೇ ತುಂಡಾಗುತ್ತವೆ. ಇನ್ನು "-ಟಿ" ಮಾತ್ರ ತೆಗೆದು ಮುನ್ನೆಲೆಯಲ್ಲಿಯೇ ನಡೆಸುವುದು. ಈಗ ಕಂಟೇನರಿಗೆ ಟರ್ಮಿನಲ್ ಇಲ್ಲ, ನಿಜ. ಆದರೆ ಟರ್ಮಿನಲ್ ಇಲ್ಲದ ವಿಧಾನದಲ್ಲಿ ಡಾಕರ್ ಕ್ಲೈಂಟ್ ತನಗೆ ಬಂದ ಸಿಗ್ನಲುಗಳನ್ನು ಕಂಟೇನರಿಗೆ ದಾಟಿಸುವುದು ಡಿಫಾಲ್ಟ್. ಸಿಗ್‌ಚೈಲ್ಡ್, ಸಿಗ್‌ಕಿಲ್, ಸಿಗ್‌ಸ್ಟಾಪ್ ಇವಿಷ್ಟನ್ನು ಬಿಡುವುದಾಗಿ ಅದರ ಕೈಪಿಡಿ ಹೇಳುತ್ತದೆ, ಸಿಗ್‌ವಿಂಚ್ ಆ ಪಟ್ಟಿಯಲ್ಲಿಲ್ಲ. ಹೊರಗಿನ ವಿಂಡೋದ ಸಿಗ್ನಲ್ ಈ ಬಾರಿ ನಿಜವಾಗಿಯೂ ಒಳಗೆ ಸಾಗುತ್ತದೆ. "ಸಿಗ್-ಪ್ರಾಕ್ಸಿ"ಯನ್ನು ಫಾಲ್ಸ್ ಮಾಡಿ ಇದನ್ನು ತಡೆಯಬಹುದು, ಆದರೆ ಆಗ ಕಂಟ್ರೋಲ್-ಸಿ ಒತ್ತಿದರೆ ಅದೂ ಸರ್ವರಿಗೆ ತಲುಪುವುದಿಲ್ಲ.

ಸೆಟ್‌ಎಸ್‌ಐಡಿ ಆದೇಶದ ಮೂಲಕ ಅಪಾಚೆಯನ್ನು ಬೇರೆ ಸೆಶನ್ನಿಗೆ ಹಾಕುವುದು ತತ್ತ್ವತಃ ಸರಿಯಾದ ಚಿಕಿತ್ಸೆ. ತೊಡಕು ಇರುವುದು ಬೇರೆಡೆ. ಕಂಟೇನರಿನ ಒಂದನೇ ಪ್ರಕ್ರಿಯೆ ಈಗಾಗಲೇ ಗುಂಪಿನ ನಾಯಕನಾಗಿರುವುದರಿಂದ ಆ ಆದೇಶ ಫೋರ್ಕ್ ಮಾಡಿ ತಾನು ಹೊರನಡೆಯುತ್ತದೆ. ಒಂದನೇ ಪ್ರಕ್ರಿಯೆ ಹೋದೊಡನೆ ಕಂಟೇನರೇ ಮುಗಿಯುತ್ತದೆ. ಕಾಯುವ ಆಯ್ಕೆ "-ಡಬ್ಲ್ಯು" ಕೊಟ್ಟರೆ ಅದು ಉಳಿಯುತ್ತದೆ, ಆದರೆ ತನಗೆ ಬಂದ ಸಿಗ್ನಲನ್ನು ಮಗುವಿಗೆ ದಾಟಿಸುವುದಿಲ್ಲ. ಪರಿಣಾಮವಾಗಿ "ಡಾಕರ್ ಸ್ಟಾಪ್" ಕೊಟ್ಟಾಗ ಡಿಫಾಲ್ಟ್ 10 ಸೆಕೆಂಡು ವ್ಯರ್ಥವಾಗಿ ಕಾದು ಎಲ್ಲವನ್ನೂ ಸಿಗ್‌ಕಿಲ್‌ನಿಂದ ಕೊಲ್ಲುವಂತಾಗುತ್ತದೆ. ಅಪಾಚೆಯ ಮೂಲದಲ್ಲಿ ಈ ಸಿಗ್ನಲನ್ನು ನಿಗದಿಪಡಿಸುವ ಮ್ಯಾಕ್ರೋ ಬದಲಿಸಿ ಮರುಕಂಪೈಲ್ ಮಾಡುವುದೂ ಸಾಧ್ಯ, ನಾನು ಶಿಫಾರಸು ಮಾಡಲಾರೆ. ಸಿಸ್ಟಮ್‌ಡಿ ಯೂನಿಟ್, ಇಮೇಜಿನ ಸ್ಟಾಪ್‌ಸಿಗ್ನಲ್, ಇತರರು ಬರೆದಿಟ್ಟ ಸ್ಕ್ರಿಪ್ಟುಗಳು ಎಲ್ಲವೂ ಹಳೆಯ ಅರ್ಥವನ್ನೇ ನೆಚ್ಚಿಕೊಂಡಿವೆ.

ಇನ್ನು ನೀವೇ ಬರೆಯುತ್ತಿರುವ ಸರ್ವರಿನ ವಿಷಯ. ಮೆಲ್ಲಗೆ ನಿಲ್ಲುವುದಕ್ಕೆ ಸಿಗ್‌ಟರ್ಮನ್ನೇ ಬಳಸಿ, ಕಾಯುವ ಅವಧಿಗೆ ಮಿತಿಯೊಂದನ್ನು ಇಡಿ. ಅವಸರವಿದ್ದವರಿಗೆ ಎರಡನೆಯ ಸಿಗ್‌ಟರ್ಮ್ ತಕ್ಷಣದ ನಿಲುಗಡೆ ಎಂದಾಗಲಿ. ಡಾಕರ್, ಸಿಸ್ಟಮ್‌ಡಿ, ಕುಬರ್ನೆಟೀಸ್ (ಹಲವು ಯಂತ್ರಗಳಲ್ಲಿ ಕಂಟೇನರುಗಳನ್ನು ನಿರ್ವಹಿಸುವ ವ್ಯವಸ್ಥೆ) ಎಲ್ಲವೂ ಬೇರೆ ಸೂಚನೆ ಇಲ್ಲದಿದ್ದರೆ ಕಳುಹಿಸುವುದು ಅದನ್ನೇ. ಕುಬರ್ನೆಟೀಸ್ ಡಿಫಾಲ್ಟ್ ಆಗಿ 30 ಸೆಕೆಂಡು ಕಾಯುತ್ತದೆ, ಡಾಕರ್ 10. ನಿಮ್ಮ ಮಿತಿ ಅದಕ್ಕಿಂತ ಕಡಿಮೆಯಿರಲಿ. ಸಿಗ್‌ವಿಂಚಿನಂತಹ ಎರವಲು ಸಿಗ್ನಲ್ ಅನಿವಾರ್ಯವಾದರೆ ಎಂಜಿನ್‌ಎಕ್ಸ್ ಮಾದರಿಯಲ್ಲಿ, ಟರ್ಮಿನಲ್ಲಿನಿಂದ ಬೇರ್ಪಟ್ಟಿದ್ದೀರೆಂದು ಖಚಿತವಾದಾಗ ಮಾತ್ರ ಅದಕ್ಕೆ ಬೆಲೆ ಕೊಡಿ. ಎಸ್‌ಐ_ಕೋಡ್ ನೋಡಿ ತೀರ್ಮಾನಿಸುವ ಉಪಾಯ ಆಕರ್ಷಕವಾಗಿ ಕಂಡರೂ ಅದನ್ನೇ ನೆಚ್ಚಬೇಡಿ: ಎಸ್‌ಐ_ಕರ್ನೆಲ್ ಲಿನಕ್ಸಿನ ವಿವರ, ಬೇರೆ ಯುನಿಕ್ಸುಗಳಲ್ಲಿ ಅದನ್ನು ಎಣಿಸುವಂತಿಲ್ಲ. ಡಾಕರ್ ಕ್ಲೈಂಟ್ ದಾಟಿಸಿದ ಸಿಗ್ನಲ್ ಹೇಗೂ ಎಸ್‌ಐ_ಯೂಸರ್ ಎಂದೇ ಬರುತ್ತದೆ. ಟರ್ಮಿನಲ್ಲಿನ ಸಿಗ್ನಲುಗಳು ಇಡೀ ಗುಂಪಿಗೆ ಬರುವುದರಿಂದ, ಫೋರ್ಕ್ ಆದ ಪ್ರತಿ ಕೆಲಸಗಾರ ಪ್ರಕ್ರಿಯೆಯೂ ತಂದೆಯಿಂದ ಬಂದ ಹ್ಯಾಂಡ್ಲರುಗಳನ್ನು ಮೊದಲ ಕೆಲಸವಾಗಿ ತನಗೆ ತಕ್ಕಂತೆ ಮರುಹೊಂದಿಸಿಕೊಳ್ಳಬೇಕೆಂಬುದನ್ನೂ ಮರೆಯಬೇಡಿ.

ಹ್ಯಾಂಡ್ಲರಿನೊಳಗೆ ಲಾಗ್ ಬರೆಯುವುದು, ಮೆಮೊರಿ ಬಿಡುಗಡೆ ಮಾಡುವುದು ಇತ್ಯಾದಿ ಏನೂ ಬೇಡ. ಮುಖ್ಯ ಕೋಡ್ ಮ್ಯಾಲಾಕ್‌ನ (ಮೆಮೊರಿ ಒದಗಿಸುವ ಫಂಕ್ಷನ್) ಲಾಕ್ ಹಿಡಿದಿರುವಾಗಲೇ ಸಿಗ್ನಲ್ ಬಂದು, ಹ್ಯಾಂಡ್ಲರ್ ಅದೇ ಲಾಕಿಗೆ ಕೈಹಾಕಿದರೆ ಪ್ರಕ್ರಿಯೆ ತನಗೆ ತಾನೇ ಕಾಯುತ್ತ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ. ಸಿಗ್_ಅಟಾಮಿಕ್_ಟಿ ವಿಧದ ವೊಲಟೈಲ್ ಬಾವುಟವೊಂದನ್ನು ಏರಿಸಿದರೆ ಸಾಕು, ಉಳಿದದ್ದು ಮುಖ್ಯ ಲೂಪಿನ ಹೊಣೆ. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಬಾವುಟವನ್ನು ಪರೀಕ್ಷಿಸಿದ ಮೇಲೆ, ಆದರೆ ಪೋಲ್ ಕರೆಯಲ್ಲಿ (ಸಂಪರ್ಕಕ್ಕಾಗಿ ಕಾಯುವ ಕರೆ) ಮಲಗುವ ಮೊದಲು ಸಿಗ್ನಲ್ ಬಂದರೆ, ಮುಂದಿನ ಸಂಪರ್ಕ ಬರುವವರೆಗೂ ಸರ್ವರ್ ಏಳುವುದಿಲ್ಲ. ಇದಕ್ಕಾಗಿ ಸಿಗ್ನಲನ್ನು ಸಾಮಾನ್ಯವಾಗಿ ತಡೆಹಿಡಿದಿಟ್ಟು, ಪಿಪೋಲ್ ಕರೆಯ ಒಳಗೆ ಮಾತ್ರ ತೆರೆಯಿರಿ. ಲಿನಕ್ಸಿಗೆ ಸೀಮಿತವಾದರೆ ಸಿಗ್ನಲನ್ನು ಕಡತದಂತೆ ಓದಿಕೊಳ್ಳುವ ಸಿಗ್ನಲ್‌ಎಫ್‌ಡಿ ಇನ್ನೂ ಸುಲಭ. ತಡೆಹಿಡಿದ ಸಿಗ್ನಲುಗಳ ಮಾಸ್ಕ್ ಎಕ್ಸೆಕ್ ದಾಟಿಯೂ ಉಳಿಯುವುದರಿಂದ ಹೊರಗಿನ ಪ್ರೋಗ್ರಾಮನ್ನು ನಡೆಸುವ ಮುನ್ನ ಅದನ್ನು ಮೊದಲಿನಂತೆ ಮಾಡಿ.

ಈ ಬಗೆಯ ದೋಷ ಮಾಮೂಲಿ ಪರೀಕ್ಷೆಗಳಲ್ಲಿ ಸಿಕ್ಕುವುದಿಲ್ಲ, ಏಕೆಂದರೆ ಸ್ವಯಂಚಾಲಿತ ಪರೀಕ್ಷೆಗಳು ನಡೆಯುವ ಕಡೆ ಟರ್ಮಿನಲ್ ಇರುವುದಿಲ್ಲ. ಫೋರ್ಕ್‌ಪಿಟಿವೈ (ಹುಸಿ ಟರ್ಮಿನಲ್ ತೆರೆದು ಅದರಲ್ಲಿ ಮಗು ಪ್ರಕ್ರಿಯೆ ಹುಟ್ಟಿಸುವ ಫಂಕ್ಷನ್) ಬಳಸಿ ನಿಮ್ಮ ಸರ್ವರನ್ನು ಹುಸಿ ಟರ್ಮಿನಲ್ಲಿನ ಮುನ್ನೆಲೆಯಲ್ಲಿ ಶುರುಮಾಡುವ ಒಂದು ಪರೀಕ್ಷೆ ಬರೆಯಿರಿ. ಮಾಸ್ಟರ್ ತುದಿಯಿಂದ ಅಳತೆಯನ್ನು ಎರಡು ಬಾರಿ ಬದಲಿಸಿ. ಎರಡೂ ಬಾರಿ ಹಿಂದಿನದಕ್ಕಿಂತ ಬೇರೆಯದೇ ಇರಬೇಕು, ಇಲ್ಲವಾದರೆ ಕರ್ನೆಲ್ ಸಿಗ್ನಲನ್ನೇ ಕಳುಹಿಸದು. ಆಮೇಲೆ ಹೊಸ ಸಂಪರ್ಕವೊಂದನ್ನು ತೆರೆದು ಉತ್ತರ ಬರುತ್ತದೆಯೇ ಎಂದು ನೋಡಿ.